ತಾಮ್ರದ ಗುಡುಗುಹಕ್ಕಿ

ಅಮ್ಮ ಊರಿನಿಂದ ಬಂದಿದ್ದ ವರ್ಷ ಅಕ್ಟೋಬರ್ ತಿಂಗಳಲ್ಲಿ ಅವರನ್ನು ಕ್ಲೈನ್‌ಬರ್ಗಿಗೆ ಕರೆದುಕೊಂಡು ಹೋಗಿದ್ದೆ. ಬ್ರಾಂಪ್ಟನ್ನಿನ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಮರಗಳೆಲ್ಲ ಕೆಂಪು, ಹಳದಿಗೆ ತಿರುಗುವ ಆ ಎರಡು ವಾರಗಳಲ್ಲಿ ಊರಿಂದ ಬಂದವರಿಗೆ ಎಲೆ ತೋರಿಸುವುದು ಟೊರಾಂಟೊ ಸುತ್ತಲಿನ ಕನ್ನಡ ಮನೆಗಳಲ್ಲಿ ಒಂದು ಪದ್ಧತಿಯೇ ಆಗಿಬಿಟ್ಟಿದೆ. ಎಲೆ ನೋಡಿ, ಫೋಟೊ ತೆಗೆದು, ಡಬ್ಬಿಯಲ್ಲಿದ್ದ ಅವಲಕ್ಕಿ ತಿಂದ ಮೇಲೂ ಸಮಯವಿತ್ತು. ಹೇಗೂ ಬಂದಿದ್ದೇವಲ್ಲ ಎಂದು ಅಲ್ಲಿನ ಮ್ಯಾಕ್‌ಮೈಕೆಲ್ ಕಲಾ ಸಂಗ್ರಹಾಲಯದ ಒಳಗೆ ಹೋದೆವು.

ಹಿಮ, ಸರೋವರ, ಗಾಳಿಗೆ ಬಾಗಿದ ಪೈನ್ ಮರ. ಒಂದಾದ ಮೇಲೊಂದು ಕೋಣೆಯಲ್ಲಿ ಇವೇ ಚಿತ್ರಗಳು. ಅಮ್ಮ ಸುಮ್ಮನೆ ನಡೆಯುತ್ತಿದ್ದರು. ಕೊನೆಗೆ ಒಂದು ಚಿತ್ರದ ಮುಂದೆ ನಿಂತುಬಿಟ್ಟರು. ಬೆರಳು ದಪ್ಪದ ಕಪ್ಪು ಗೆರೆಗಳು, ಗೆರೆಗಳ ನಡುವೆ ಒಂಚೂರೂ ಮಬ್ಬಿಲ್ಲದ ಬಣ್ಣಗಳು, ಮನುಷ್ಯನೋ ಹಕ್ಕಿಯೋ ಹೇಳಲಾಗದ ಆಕೃತಿಗಳು, ಹೊಟ್ಟೆಯೊಳಗಿನದೆಲ್ಲ ಹೊರಗೇ ಕಾಣುವ ದೇಹಗಳು.

"ಇದು ನಮ್ಮ ಕೋಲದ ಹಾಗೇ ಉಂಟಲ್ಲ ಮಗಾ" ಎಂದರು.

ನಾನು ಫಲಕ ಓದಿದೆ. ನಾರ್ವಲ್ ಮೋರಿಸೊ, ಒಜಿಬ್ವೆ ಜನಾಂಗದ ಕಲಾವಿದ. ಈ ದೇಶದಲ್ಲಿ ಹದಿನಾರು ವರ್ಷ ಕಳೆದಿದ್ದ ನನಗೆ ಆ ಹೆಸರು ಕೇಳಿ ಗೊತ್ತಿತ್ತು, ಅಷ್ಟೇ. ಉಡುಪಿಯ ಕಡೆಯ ಅಮ್ಮನಿಗೆ ಅವರ ಹೆಸರು ಗೊತ್ತಿರಲಿಲ್ಲ, ಚಿತ್ರ ಮಾತ್ರ ಗೊತ್ತಾಗಿತ್ತು. ಆ ಒಂದು ಮಾತಿನ ಬೆನ್ನು ಹತ್ತಿ ಓದುತ್ತ ಹೋದಾಗ ಕಂಡ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ಜಾಗದ ಮಾತು. ರಾಬರ್ಟ್ ಮತ್ತು ಸೀನೆ ಮ್ಯಾಕ್‌ಮೈಕೆಲ್ ಎಂಬ ದಂಪತಿ ಹಂಬರ್ ನದಿಯ ಕಣಿವೆಯಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿಕೊಂಡು ಕೆನಡಾದ ಚಿತ್ರಗಳನ್ನು ಕೂಡಿಸಿದರು. 1965ರಲ್ಲಿ ಮನೆ, ಜಮೀನು, ಚಿತ್ರಗಳೆಲ್ಲವನ್ನೂ ಒಂಟಾರಿಯೊ ಸರ್ಕಾರಕ್ಕೆ ಕೊಟ್ಟರು. ಅಲ್ಲಿನ ಮುಖ್ಯ ಆಸ್ತಿ 'ಗ್ರೂಪ್ ಆಫ್ ಸೆವೆನ್' ಎಂಬ ಏಳು ಮಂದಿಯ ಗುಂಪಿನ ಚಿತ್ರಗಳು. 1920ರಲ್ಲಿ ಟೊರಾಂಟೊದಲ್ಲಿ ಮೊದಲ ಪ್ರದರ್ಶನ ಮಾಡಿದ ಈ ಗುಂಪು ಯೂರೋಪಿನ ನಕಲು ಬಿಟ್ಟು ಕೆನಡಾದ ಕಾಡು, ಬಂಡೆ, ಹಿಮವನ್ನೇ ಚಿತ್ರಿಸಬೇಕೆಂದು ಹೊರಟಿತು. ಗುಂಪು ಹುಟ್ಟುವ ಮೊದಲೇ, 1917ರಲ್ಲಿ, ಕನೂ ಸರೋವರದಲ್ಲಿ ಸತ್ತ ಟಾಮ್ ಥಾಮ್ಸನ್ ಅವರಿಗೆ ಗುರುವಿನಂತೆ. ಟೊರಾಂಟೊದ ರೋಸ್‌ಡೇಲಿನಲ್ಲಿ ತಿಂಗಳಿಗೆ ಒಂದು ಡಾಲರ್ ಬಾಡಿಗೆ ಕೊಟ್ಟು ಥಾಮ್ಸನ್ ಇದ್ದ ಗುಡಿಸಲನ್ನು 1962ರಲ್ಲಿ ಕಿತ್ತು ತಂದು ಕ್ಲೈನ್‌ಬರ್ಗಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಈಗಲೂ ಹೋಗಿ ನೋಡಬಹುದು.

ಆ ಏಳು ಮಂದಿಯ ಚಿತ್ರಗಳು ಚೆಂದ. ಆದರೆ ನೋಡುತ್ತ ಹೋದರೆ ಒಂದು ಸಂಗತಿ ತಟ್ಟುತ್ತದೆ: ಆ ಕಾಡುಗಳಲ್ಲಿ ಜನರೇ ಇಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಬೇಟೆಯಾಡಿ, ಮೀನು ಹಿಡಿದು, ಬಂಡೆಗಳ ಮೇಲೆ ಕೆಮ್ಮಣ್ಣಿನಿಂದ ಚಿತ್ರ ಬರೆದು ಬಾಳಿದವರು ಇದ್ದರು. ಖಾಲಿ ನಾಡು ಎಂದು ಬಗೆದು ನೋಡಿದ ಕಣ್ಣಿಗೆ ಅವರು ಬೀಳಲಿಲ್ಲ.

ಅಂಥ ಜನರಲ್ಲಿ ಹುಟ್ಟಿದವರು ನಾರ್ವಲ್ ಮೋರಿಸೊ. ಹುಟ್ಟಿದ ವರ್ಷ 1931 ಎಂದು ಕೆಲವರು, 1932 ಎಂದು ಕೆಲವರು ಬರೆಯುತ್ತಾರೆ. ಬೆಳೆದದ್ದು ಸುಪೀರಿಯರ್ ಸರೋವರದ ಉತ್ತರಕ್ಕಿರುವ ನಿಪಿಗಾನ್ ಸರೋವರದ ಬದಿಯ ಸ್ಯಾಂಡ್ ಪಾಯಿಂಟಿನಲ್ಲಿ, ತಾಯಿಯ ತಂದೆತಾಯಿಯರ ಮನೆಯಲ್ಲಿ. ಅಜ್ಜಿ ಕ್ಯಾಥೊಲಿಕ್ ಭಕ್ತೆ. ಅಜ್ಜ ಮೋಸಸ್ ನಾನಾಕೊನಾಗೋಸ್ ಶಾಮನ್. ಈ ಶಾಮನ್ ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗುವುದಿಲ್ಲ. ಮದ್ದು ಕೊಡುವವನು, ಕನಸಿನಲ್ಲಿ ಬೇರೆ ಲೋಕಕ್ಕೆ ಹೋಗಿ ಬರುವವನು, ಕುಲದ ಕತೆಗಳನ್ನು ಕಾಪಾಡಿಕೊಂಡು ಬರುವವನು, ಇವರೆಲ್ಲ ಸೇರಿ ಒಬ್ಬ. ಪಾತ್ರಿ, ಪಂಡಿತ, ಹೆಳವ ಮೂವರನ್ನೂ ಒಂದೇ ಮೈಯಲ್ಲಿ ಕೂಡಿಸಿದರೆ ಸ್ವಲ್ಪ ಹತ್ತಿರ ಬರುತ್ತದೆ.

ಆರು ವರ್ಷದ ಹುಡುಗನನ್ನು ಫೋರ್ಟ್ ವಿಲಿಯಮ್ಮಿನ (ಇಂದಿನ ಥಂಡರ್ ಬೇ) ವಸತಿ ಶಾಲೆಗೆ ಕಳುಹಿಸಲಾಯಿತು. ಈ ವಸತಿ ಶಾಲೆಗಳ ಬಗ್ಗೆ ನಮ್ಮ ಮಕ್ಕಳು ಈಗ ಇಲ್ಲಿನ ತರಗತಿಗಳಲ್ಲಿ ಕಲಿಯುತ್ತಾರೆ. ನಾವು ವಲಸೆ ಬಂದ ಹೊಸದರಲ್ಲಿ ನಮಗಾರೂ ಹೇಳಿರಲಿಲ್ಲ. ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ಇವು ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ಭಾಷೆಯಿಂದ, ನಂಬಿಕೆಯಿಂದ ಬೇರ್ಪಡಿಸಲೆಂದೇ ಕಟ್ಟಿದವು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ 1,50,000ಕ್ಕೂ ಹೆಚ್ಚು ಮಕ್ಕಳು ಹೀಗೆ ಹೋದರು. ತಾಯ್ನುಡಿ ಆಡಿದರೆ ಶಿಕ್ಷೆ. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಜೂನ್‌ನಲ್ಲಿ. ಮೋರಿಸೊ ಕೆಲವು ವರ್ಷಗಳ ನಂತರ ಅಜ್ಜನ ಮನೆಗೆ ಮರಳಿದರು, ಓದನ್ನು ಬೇಗನೆ ಬಿಟ್ಟರು. ಆ ಮೇಲಿನ ಶಾಲೆಯೆಲ್ಲ ಅಜ್ಜನದೇ.

ಸುಮಾರು 19ನೇ ವಯಸ್ಸಿನಲ್ಲಿ ಅವರಿಗೆ ಕಾಯಿಲೆ ಬಂತು. ವೈದ್ಯರಿಂದ ಗುಣವಾಗಲಿಲ್ಲ. ಮದ್ದು ಬಲ್ಲ ಹಿರಿಯ ಹೆಂಗಸೊಬ್ಬಳು ಬಂದು ಅವರಿಗೆ ಹೊಸ ಹೆಸರಿಟ್ಟಳು. ಬಲವಾದ ಹೆಸರು ಸಾಯುವವನಿಗೆ ಬಲ ಕೊಡುತ್ತದೆ ಎಂಬುದು ಆ ಜನರ ನಂಬಿಕೆ. ಆ ಹೆಸರು ಮಿಸ್ಕ್ವಾಬಿಕ್ ಅನಿಮಿಕಿ. ಮಿಸ್ಕ್ವಾಬಿಕ್ ಎಂದರೆ ತಾಮ್ರ, ಅನಿಮಿಕಿ ಎಂದರೆ ಗುಡುಗುಹಕ್ಕಿ, ರೆಕ್ಕೆ ಬಡಿದರೆ ಗುಡುಗು, ಕಣ್ಣು ಹೊಳೆದರೆ ಮಿಂಚು. ಅವರು ಬದುಕಿದರು. ಮುಂದೆ ಕ್ಷಯ ತಗುಲಿ ಆಸ್ಪತ್ರೆ ಸೇರಿದಾಗ ಹ್ಯಾರಿಯೆಟ್ ಎಂಬ ಕ್ರೀ ಜನಾಂಗದ ಹೆಣ್ಣಿನ ಪರಿಚಯವಾಗಿ ಮದುವೆಯಾದರು. ಹೆಂಡತಿ ಕಲಿಸಿದ ಕ್ರೀ ಲಿಪಿಯಲ್ಲೇ ಆ ಹೊಸ ಹೆಸರನ್ನು ಚಿತ್ರಗಳ ಮೇಲೆ ಸಹಿ ಮಾಡತೊಡಗಿದರು. ಇಂಗ್ಲಿಷ್ ಶಾಲೆ ಕಸಿಯಲು ನೋಡಿದ್ದನ್ನು ಒಂದು ಸಹಿ ಹೀಗೆ ಮರಳಿ ಪಡೆಯಿತು.

ಚಿತ್ರಗಳಿಗೆ ಮೂಲ ಎಲ್ಲಿತ್ತು? ಬಂಡೆಯ ಮೇಲಿನ ಕೆಂಪು ಚಿತ್ರಗಳಲ್ಲಿ, ಮತ್ತು ಬರ್ಚ್ ಮರದ ತೊಗಟೆಯ ಸುರುಳಿಗಳಲ್ಲಿ. ಮಿಡೆವಿವಿನ್ ಎಂಬ ಒಜಿಬ್ವೆ ವೈದ್ಯ ಸಂಪ್ರದಾಯದವರು ತಮ್ಮ ಮಂತ್ರ, ಹಾಡು, ವಲಸೆಯ ನೆನಪುಗಳನ್ನು ಆ ಸುರುಳಿಗಳ ಮೇಲೆ ಗೆರೆಗಳಲ್ಲಿ ಕೊರೆದಿಡುತ್ತಿದ್ದರು. ನಮ್ಮಲ್ಲಿ ಹಿಮಾಲಯದ ಭೂರ್ಜಪತ್ರದ ಮೇಲೆ ಗ್ರಂಥ ಬರೆಯುತ್ತಿದ್ದರಲ್ಲ, ಅದೂ ಇದೇ ಜಾತಿಯ ಮರ. 'ಬರ್ಚ್' ಮತ್ತು 'ಭೂರ್ಜ' ಎರಡೂ ಒಂದೇ ಬೇರಿನಿಂದ ಬಂದ ಪದಗಳು. ಆದರೆ ಒಜಿಬ್ವೆ ಸುರುಳಿಗಳು ಎಲ್ಲರಿಗೂ ತೆರೆದವಲ್ಲ. ದೀಕ್ಷೆ ಪಡೆದವರಿಗೆ ಮಾತ್ರ. ಅವುಗಳಲ್ಲಿನ ರೂಪಗಳನ್ನು ಹೊರಗೆ ತೋರಿಸುವುದು ನಿಷಿದ್ಧವಾಗಿತ್ತು.

ಮೋರಿಸೊ ತೋರಿಸಿದರು. ಮೊದಮೊದಲು ತೊಗಟೆಯ ಮೇಲೆ, ಕಂದು ಕಾಗದದ ಮೇಲೆ, ಕೈಗೆ ಸಿಕ್ಕಿದ್ದರ ಮೇಲೆ. 1960ರ ಸುಮಾರಿಗೆ ಬಂಡೆಚಿತ್ರಗಳನ್ನು ದಾಖಲಿಸುತ್ತಿದ್ದ ಸೆಲ್ವಿನ್ ಡ್ಯೂಡ್ನಿ ಎಂಬವರ ಸ್ನೇಹವಾಯಿತು. ಮೋರಿಸೊ ಬರೆದಿಟ್ಟಿದ್ದ ಕುಲದ ಕತೆಗಳನ್ನು ಡ್ಯೂಡ್ನಿ ಸಂಪಾದಿಸಿದರು, ಅದು 1965ರಲ್ಲಿ ಪುಸ್ತಕವಾಗಿ ಬಂತು. 1962ರಲ್ಲಿ ಉತ್ತರ ಒಂಟಾರಿಯೊದಲ್ಲಿ ಚಿತ್ರಕಲೆ ಕಲಿಸಲು ಬಂದಿದ್ದ ಟೊರಾಂಟೊದ ಜ್ಯಾಕ್ ಪೊಲಾಕ್ ಅವರ ಕಣ್ಣಿಗೆ ಚಿತ್ರಗಳು ಬಿದ್ದವು. ಅದೇ ಸೆಪ್ಟೆಂಬರ್‌ನಲ್ಲಿ ಪೊಲಾಕ್ ಗ್ಯಾಲರಿಯಲ್ಲಿ ಪ್ರದರ್ಶನ. ಚಿತ್ರಗಳೆಲ್ಲ ಮಾರಾಟವಾದವು. ಮೂಲನಿವಾಸಿಗಳ ಕೈಕೆಲಸವನ್ನು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಸತ್ತ ವಸ್ತುವಿನಂತೆ ನೋಡುತ್ತಿದ್ದ ನಗರ, ಮೊದಲ ಸಲ ಅದನ್ನು ಇಂದಿನ ಕಲೆಯೆಂದು ಗೋಡೆಗೆ ತೂಗುಹಾಕಿತು.

ಊರಿನಲ್ಲಿ ಹಿರಿಯರು ಸಿಟ್ಟಾದರು. ಮನೆಯೊಳಗಿನದನ್ನು ಬೀದಿಗೆ ತಂದು ಬಿಳಿಯರಿಗೆ ಮಾರಿದೆ ಎಂಬ ಆಕ್ಷೇಪ. ಈ ಜಗಳವನ್ನು ನಾನು ಓದುವಾಗ ಕರಾವಳಿಯವರೆಲ್ಲರ ಹಾಗೆ ನನಗೂ 2022ರ 'ಕಾಂತಾರ' ನೆನಪಾಯಿತು. ಸಿನಿಮಾ ಬಂದ ಮೇಲೆ ಎಲ್ಲೆಂದರಲ್ಲಿ ವೇದಿಕೆಯ ಮೇಲೆ ದೈವದ ವೇಷ ಹಾಕಿ ಕುಣಿಯುವುದು ಶುರುವಾಯಿತು. ಟೊರಾಂಟೊದಲ್ಲಿ ಕುಳಿತ ನಾವೂ ಫೋನಿನಲ್ಲಿ ನೋಡಿದೆವು. 'ದೈವ ಆಟದ ವಸ್ತುವಲ್ಲ' ಎಂದು ತುಳುನಾಡಿನ ದೈವಾರಾಧಕರು ನೊಂದು ಹೇಳಿದರು. ಅವರ ಮಾತಿನಲ್ಲಿ ನಿಜವಿದೆ. ಆದರೆ ಮೋರಿಸೊ ಅವರ ಕಡೆಯ ವಾದವನ್ನೂ ಕೇಳಬೇಕು. ಶಾಲೆಗಳು ಒಂದು ತಲೆಮಾರಿನ ಬಾಯಿಯಿಂದ ಕತೆಗಳನ್ನು ಕಿತ್ತುಕೊಂಡಿವೆ. ದೀಕ್ಷೆ ಪಡೆಯಬೇಕಾದ ಮಕ್ಕಳಿಗೇ ತಮ್ಮ ಭಾಷೆ ಬರುವುದಿಲ್ಲ. ಬಚ್ಚಿಟ್ಟರೆ ಯಾರಿಗಾಗಿ ಬಚ್ಚಿಡುವುದು? ತನ್ನ ಜನ ತಮ್ಮ ಬಗ್ಗೆ ತಾವೇ ಹೆಮ್ಮೆಪಡಲಿ ಎಂಬುದಕ್ಕೆ ಚಿತ್ರ ಬರೆಯುತ್ತೇನೆ ಎಂದು ಅವರು ಮತ್ತೆ ಮತ್ತೆ ಹೇಳಿದರು. ಗುಟ್ಟನ್ನು ಕಾಯುವುದು ಒಂದು ಧರ್ಮ. ಕಾಯುವವರೇ ಇಲ್ಲದಾಗುವ ಹೊತ್ತಿನಲ್ಲಿ ಹೇಳುವುದು ಇನ್ನೊಂದು ಧರ್ಮ. ಎರಡರ ನಡುವೆ ಆರಿಸಿಕೊಳ್ಳಬೇಕಾಗಿ ಬಂದದ್ದು ಅವರ ಪಾಡು.

1967ರಲ್ಲಿ ಮಾಂಟ್ರಿಯಲ್‌ನ ವಿಶ್ವ ಪ್ರದರ್ಶನದಲ್ಲಿ ಮೂಲನಿವಾಸಿಗಳ ಮಂಟಪಕ್ಕೆ ದೊಡ್ಡ ಗೋಡೆಚಿತ್ರ ಬರೆಯಲು ಅವರನ್ನು ಕರೆದರು. ಭೂತಾಯಿ ಒಬ್ಬ ಹುಡುಗನಿಗೂ ಒಂದು ಕರಡಿಮರಿಗೂ ಒಟ್ಟಿಗೆ ಮೊಲೆಯೂಡುವ ಚಿತ್ರ ಅವರದು. ಅಧಿಕಾರಿಗಳಿಗೆ ಅದು ಸರಿಬರಲಿಲ್ಲ, ಬದಲಿಸಲು ಹೇಳಿದರು. ಮೋರಿಸೊ ಕೆಲಸ ಬಿಟ್ಟು ಹೊರಟರು. ಜೊತೆಗಾರ ಕಾರ್ಲ್ ರೇ ಅದನ್ನು ಮುಗಿಸಿದರು. ಅತ್ತ ಹಿರಿಯರಿಗೆ ಅವರು ಹೆಚ್ಚು ಹೇಳಿದವರು, ಇತ್ತ ಸರ್ಕಾರಕ್ಕೆ ಹೇಳಬಾರದ್ದನ್ನು ಹೇಳಿದವರು.

1978ರಲ್ಲಿ ಅವರಿಗೆ ಆರ್ಡರ್ ಆಫ್ ಕೆನಡಾ ಗೌರವ ಬಂತು. ಮರುವರ್ಷ ಮ್ಯಾಕ್‌ಮೈಕೆಲ್ ಸಂಗ್ರಹಾಲಯ ಅತಿಥಿ ಕಲಾವಿದರಾಗಿ ಅವರನ್ನು ಕರೆಯಿತು. ಕೆಲಸ ಮಾಡಲು ಕೊಟ್ಟ ಜಾಗ ಯಾವುದು ಗೊತ್ತೇ? ಟಾಮ್ ಥಾಮ್ಸನ್ನರ ಅದೇ ಗುಡಿಸಲು. ಖಾಲಿ ಕಾಡನ್ನು ಬರೆದವರ ಮನೆಯಲ್ಲಿ ಆ ಕಾಡಿನವನೇ ಬಂದು ಕುಳಿತು ಕುಂಚ ಹಿಡಿದ. ಯಾರು ಹಾಗೆ ಯೋಚಿಸಿ ಮಾಡಿದರೋ ಬಿಟ್ಟರೋ, ಕೆನಡಾದ ಕಲೆಯ ಚರಿತ್ರೆಯಲ್ಲಿ ಇದಕ್ಕಿಂತ ಅರ್ಥವುಳ್ಳ ಘಟನೆ ನನಗೆ ಕಂಡಿಲ್ಲ.

ಸಂಗ್ರಹಾಲಯದಲ್ಲಿರುವ 'ಶಾಮನ್ ಮತ್ತು ಶಿಷ್ಯರು' ಅದೇ 1979ರ ಚಿತ್ರ. ನಿಂತ ಆಳಿಗಿಂತ ತಗ್ಗಿಲ್ಲದ ದೊಡ್ಡ ಕ್ಯಾನ್ವಾಸ್, ಅಕ್ರಿಲಿಕ್ ಬಣ್ಣ. ಹೆಸರೇ ಹೇಳುವಂತೆ ವಿಷಯ ಒಂದೇ: ಬಲ್ಲವನಿಂದ ಬಲ್ಲವರಾಗಬೇಕಾದವರಿಗೆ ಅರಿವು ದಾಟುವುದು. ಇದನ್ನು ಓದಲು ಮೋರಿಸೊ ಅವರ ಚಿತ್ರಭಾಷೆ ಸ್ವಲ್ಪ ತಿಳಿದಿರಬೇಕು. ಕಪ್ಪು ಗೆರೆ ಬರಿಯ ಅಂಚಲ್ಲ, ಅದು ಶಕ್ತಿ ಹರಿಯುವ ದಾರಿ. ಒಂದು ಆಕೃತಿಯಿಂದ ಇನ್ನೊಂದಕ್ಕೆ ಹೋಗುವ ಗೆರೆ ಅವೆರಡರ ಸಂಬಂಧ. ಮನುಷ್ಯ, ಮೀನು, ಹಕ್ಕಿ ಯಾವುದೂ ಬಿಡಿಯಾಗಿಲ್ಲ. ನಡುವೆ ಸೀಳಿದ ವೃತ್ತ ಹಗಲು ರಾತ್ರಿ, ಒಳಿತು ಕೆಡುಕುಗಳ ಜೋಡಿ. ದೇಹದ ಒಳಭಾಗ ಕಾಣುವುದು ಶಾಮನ್ನನ ಕಣ್ಣು ಚರ್ಮದಾಚೆಗೆ ನೋಡುತ್ತದೆ ಎಂಬುದಕ್ಕೆ. ಬಣ್ಣವೇ ಮದ್ದು, ನೋಡಿದವರು ಗುಣವಾಗಲಿ ಎಂದು ಹಚ್ಚುವುದು.

ತೊಗಲುಗೊಂಬೆ ನೋಡಿದ ಕನ್ನಡಿಗರಿಗೆ ಈ ಭಾಷೆ ತೀರ ಹೊಸದಲ್ಲ. ಅಲ್ಲೂ ಕಪ್ಪು ಗೆರೆ, ಗೆರೆಯೊಳಗೆ ಬೆಳಕು ಹಾಯುವ ಬಣ್ಣ. ಹಿಂದೆ ದೀಪವಿಟ್ಟಾಗ ರಾವಣನ ಮೈಯೆಲ್ಲ ಒಳಗಿನಿಂದ ಉರಿಯುತ್ತದೆ. ಎರಡರಲ್ಲೂ ರೂಪ ಕಣ್ಣಿಗೆ ಕಂಡ ಹಾಗಲ್ಲ, ಕತೆಗೆ ಬೇಕಾದ ಹಾಗೆ.

ಅದಕ್ಕೆ ಎರಡು ವರ್ಷ ಹಿಂದೆ, 1977ರಲ್ಲಿ, ಆರು ಕ್ಯಾನ್ವಾಸ್‌ಗಳಲ್ಲಿ ಮನುಷ್ಯ ಹಂತಹಂತವಾಗಿ ಗುಡುಗುಹಕ್ಕಿಯಾಗುವುದನ್ನು ಬರೆದರು. ಗುಡುಗುಹಕ್ಕಿ ಅವರದೇ ಹೆಸರು ಎಂಬುದನ್ನು ನೆನೆದರೆ ಅದು ಆತ್ಮಚಿತ್ರವೂ ಹೌದು. 1980ರ ಇನ್ನೊಂದು ಚಿತ್ರ ಆಟವಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಅದರ ಹೆಸರು 'ಎರಡು ಲೋಕಗಳ ನಡುವೆ ಕಲಾವಿದ ಮತ್ತು ಶಾಮನ್'. ಕಲಾವಿದ ಸಮಾಜದಲ್ಲಿ ಯಾರು ಎಂಬ ಪ್ರಶ್ನೆಗೆ ಮೋರಿಸೊ ಕೊಟ್ಟ ಉತ್ತರ ಈ ಮೂರರಲ್ಲೂ ಒಂದೇ. ಅವನು ಅಲಂಕಾರ ಮಾಡುವವನಲ್ಲ, ತನ್ನ ಮನಸ್ಸನ್ನು ಮಾತ್ರ ತೋಡಿಕೊಳ್ಳುವವನೂ ಅಲ್ಲ. ಅತ್ತಣದನ್ನು ಇತ್ತ ತಂದು ಕೊಡುವವನು, ಜನರ ಪರವಾಗಿ ಹೋಗಿ ಬರುವವನು.

ನಮ್ಮಲ್ಲೂ ಇಂಥ ಪ್ರಶ್ನೆ ಕೇಳಿಕೊಂಡ ಚಿತ್ರಕಾರರಿದ್ದರು. ಮೈಸೂರಿನ ಕೆ. ವೆಂಕಟಪ್ಪ (1886-1965) ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ಸಂಗೀತ ಕಲಿಯುವ ಗೀಳು ಹತ್ತಿ, ಆ ಗೀಳನ್ನೇ 'ವೀಣೆಯ ಹುಚ್ಚು' ಎಂಬ ಸಾಂಕೇತಿಕ ಚಿತ್ರವಾಗಿ ಬರೆದರು. ಮದುವೆಯಾಗಲಿಲ್ಲ, ಕಲೆಯನ್ನು ತಪಸ್ಸಿನಂತೆ ನಡೆಸಿದರು. ವೆಂಕಟಪ್ಪನವರ ಕಲಾವಿದ ಊರಿನಿಂದ ಹಿಂದೆ ಸರಿದು ಕಲೆಯೊಳಗೆ ಹೋಗುವವನು. ಮೋರಿಸೊ ಅವರ ಕಲಾವಿದ ಒಳಗೆ ಹೋಗಿ ಊರಿಗೆ ಮರಳಿ ಬರಬೇಕಾದವನು. ಎರಡೂ ದಾರಿಗಳು ಕಠಿಣವೇ.

ಮರಳಿ ಬಂದವನನ್ನು ಊರು ಹೇಗೆ ನಡೆಸಿಕೊಂಡಿತು? ಅಮ್ಮನ ಕೋಲದ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ನಲಿಕೆ, ಪರವ, ಪಂಬದ ಸಮುದಾಯದವರು ಮುಖಕ್ಕೆ ಬಣ್ಣ, ಕಾಲಿಗೆ ಗಗ್ಗರ, ಬೆನ್ನಿಗೆ ಅಣಿ ಕಟ್ಟಿ ನಿಂತಾಗ ಗುತ್ತಿನ ಯಜಮಾನನೂ ಕೈಮುಗಿಯುತ್ತಾನೆ, ದೈವದ ನುಡಿಗೆ ತಲೆಬಾಗುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅದೇ ಅಂಗಳದ ಹೊರಗೆ ನಿಲ್ಲಬೇಕಿತ್ತು. ನಾನೂ ಚಿಕ್ಕವನಿದ್ದಾಗ ಅದನ್ನು ಕಂಡಿದ್ದೇನೆ, ಆಗ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಕರ್ನಾಟಕ ಸರ್ಕಾರ ಘೋಷಿಸಿದ್ದು 2022ರಲ್ಲಿ.

ಮೋರಿಸೊ ಅವರ ಹಗಲು ರಾತ್ರಿಯೂ ಹೀಗೆಯೇ. ಗ್ಯಾಲರಿಯಲ್ಲಿ ಅವರ ಚಿತ್ರಕ್ಕೆ ಸಾಲು ನಿಂತವರು ಬೀದಿಯಲ್ಲಿ ಅವರನ್ನು ಕಂಡರೆ ದೂರ ಸರಿಯುತ್ತಿದ್ದರು. ಕುಡಿತ ಅವರನ್ನು ಬಿಡಲಿಲ್ಲ. 1980ರ ದಶಕದಲ್ಲಿ ವ್ಯಾಂಕೂವರಿನ ಬೀದಿಗಳಲ್ಲಿ ಬಾಳಿದರು, ಕುಡಿತದ ಕಾಸಿಗೆ ಚಿತ್ರ ಬಿಡಿಸಿ ಮಾರಿದರು. ಪತ್ರಿಕೆಗಳಿಗೆ ಆ ಕತೆ ರುಚಿಸಿತು. 1989ರಲ್ಲಿ ಪ್ಯಾರಿಸ್ಸಿನ ಪಾಂಪಿದು ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕೈಯನ್ನು ನಡುಗಿಸಿತು. 2006ರಲ್ಲಿ ಆಟವಾದ ರಾಷ್ಟ್ರೀಯ ಗ್ಯಾಲರಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ಏರ್ಪಡಿಸಿತು. 'ಫಸ್ಟ್ ನೇಷನ್ಸ್' ಕಲಾವಿದನೊಬ್ಬನಿಗೇ ಮೀಸಲಾಗಿ ಆ ಗ್ಯಾಲರಿ ನಡೆಸಿದ ಅಂಥ ಮೊದಲ ಪ್ರದರ್ಶನ. ಗಾಲಿಕುರ್ಚಿಯಲ್ಲಿ ಕುಳಿತು ಅದನ್ನು ನೋಡಿದರು. 2007ರ ಡಿಸೆಂಬರ್ 4ರಂದು ಟೊರಾಂಟೊದಲ್ಲಿ ತೀರಿಕೊಂಡರು.

ಸತ್ತ ಮೇಲೂ ಅವರಿಂದ ಕದಿಯುವುದು ನಿಲ್ಲಲಿಲ್ಲ. ತಮ್ಮ ಹೆಸರಿನ ನಕಲಿ ಚಿತ್ರಗಳು ಮಾರುಕಟ್ಟೆಯಲ್ಲಿವೆ ಎಂದು ಅವರು ಬದುಕಿದ್ದಾಗಲೇ ದೂರಿದ್ದರು. ಟೊರಾಂಟೊದ ಸಂಗೀತಗಾರರೊಬ್ಬರು 20,000 ಡಾಲರ್ ಕೊಟ್ಟು ಕೊಂಡ ಚಿತ್ರದ ಅಸಲಿತನವನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು, 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ 60,000 ಡಾಲರ್ ಕೊಡಿಸಿತು. ಅದೇ ವರ್ಷ ಈ ವಿಷಯದ ಮೇಲೆ ಸಾಕ್ಷ್ಯಚಿತ್ರವೂ ಬಂತು. 2023ರ ಮಾರ್ಚ್‌ನಲ್ಲಿ ಪೊಲೀಸರು ಎಂಟು ಮಂದಿಯ ಮೇಲೆ ಮೊಕದ್ದಮೆ ಹೂಡಿ 1,000ಕ್ಕೂ ಹೆಚ್ಚು ಚಿತ್ರಗಳನ್ನು ವಶಪಡಿಸಿಕೊಂಡರು. ಒಬ್ಬನಿಗೆ ಐದು ವರ್ಷ ಸಜೆಯಾಯಿತು. ಹಣದ ನಷ್ಟಕ್ಕಿಂತ ದೊಡ್ಡದು ಇನ್ನೊಂದಿದೆ. ಪ್ರತಿ ಗೆರೆಗೂ ಅರ್ಥವಿರುವ ಭಾಷೆಯಲ್ಲಿ ಅರ್ಥವಿಲ್ಲದ ಸಾವಿರ ವಾಕ್ಯಗಳನ್ನು ಸೇರಿಸಿದರೆ ಮುಂದಿನ ತಲೆಮಾರು ಯಾವುದನ್ನು ನಂಬಿ ಕಲಿಯಬೇಕು? ಅಜ್ಜನಿಂದ ಮೊಮ್ಮಗನಿಗೆ ದಾಟಿ ಬಂದ ಮಾತು ನಡುದಾರಿಯಲ್ಲೇ ಕಲಬೆರಕೆಯಾಯಿತು.

ಇದೆಲ್ಲ ನಮಗೇಕೆ ಎಂದು ಓದುಗರು ಕೇಳಬಹುದು. ನಾವು ಕನ್ನಡಿಗರು ಇಲ್ಲಿ ಹೆಚ್ಚಾಗಿ ಬ್ರಾಂಪ್ಟನ್, ಮಿಸ್ಸಿಸಾಗ, ಓಕ್‌ವಿಲ್, ಮಾರ್ಕಮ್‌ಗಳಲ್ಲಿ ಮನೆ ಮಾಡಿದ್ದೇವೆ. ಮಿಸ್ಸಿಸಾಗ ಎಂಬುದು ಒಂದು ಜನಾಂಗದ ಹೆಸರು. ಮೋರಿಸೊ ಅವರ ಒಜಿಬ್ವೆಗಳಿಗೆ ನೆಂಟರಾದ ಅನಿಶಿನಾಬೆ ಜನ. ಟೊರಾಂಟೊದ ನೆಲವನ್ನು 1787ರಲ್ಲಿ ಅವರಿಂದ 'ಕೊಂಡದ್ದು' ಸರಿಯಾಗಿ ನಡೆದಿರಲಿಲ್ಲ. ಆ ತಕರಾರು ಬಗೆಹರಿದು ಅವರಿಗೆ 145 ಮಿಲಿಯನ್ ಡಾಲರ್ ಪರಿಹಾರ ಸಿಕ್ಕಿದ್ದು 2010ರಲ್ಲಿ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾಡಗೀತೆಗೆ ಮೊದಲು ನಮ್ಮಲ್ಲೂ ಒಬ್ಬರು ಮೈಕಿನ ಮುಂದೆ ನಿಂತು ಈ ನೆಲ ಯಾರದೆಂದು ಇಂಗ್ಲಿಷಿನಲ್ಲಿ ಓದುತ್ತಾರೆ. ಆ ಹೊತ್ತಿಗೆ ನಾವು ಕುರ್ಚಿ ಹುಡುಕುತ್ತಿರುತ್ತೇವೆ.

ಅದೇ ಸಭಾಂಗಣದ ಪಕ್ಕದ ಕೋಣೆಯಲ್ಲಿ ಭಾನುವಾರ ನಾನು ಕನ್ನಡ ಕಲಿಸುತ್ತೇನೆ. ಮಕ್ಕಳು ಅಆಇಈ ಬರೆಯುತ್ತಾರೆ, ಮನೆಗೆ ಹೋಗಿ ಇಂಗ್ಲಿಷ್ ಆಡುತ್ತಾರೆ. ನಮ್ಮ ಮಕ್ಕಳಿಂದ ಯಾರೂ ಕನ್ನಡವನ್ನು ಕಸಿದುಕೊಂಡಿಲ್ಲ. ನಾವೇ ಬಿಟ್ಟುಕೊಡುತ್ತಿದ್ದೇವೆ, ಅಷ್ಟೇ. ಹೊಡೆದು ಮರೆಸಿದರೂ ಅಜ್ಜನ ಕತೆ ಮರೆಯದವರ ಮುಂದೆ ನಿಂತಾಗ ನನಗೆ ನಾಚಿಕೆಯಾಯಿತು ಎಂದು ಹೇಳದೆ ಇದನ್ನು ಮುಗಿಸಲಾರೆ.

ಅಂದು ಕ್ಲೈನ್‌ಬರ್ಗಿನಿಂದ ಮರಳುವಾಗ ಹಿಂದಿನ ಸೀಟಿನಲ್ಲಿದ್ದ ಮಗಳು "ಅಜ್ಜಿ, ಕೋಲ ಅಂದ್ರೆ ಏನು?" ಎಂದು ಕೇಳಿದಳು. ಅಮ್ಮ ತುಳುವಿನಲ್ಲಿ ಶುರುಮಾಡಿ, ಅವಳಿಗೆ ತಿಳಿಯದೆಂದು ಕನ್ನಡಕ್ಕೆ ಬಂದು, ಪಂಜುರ್ಲಿ ಹುಟ್ಟಿದ ಕತೆ ಹೇಳಿದರು. ಮಗಳು ನಡುನಡುವೆ ಪದಗಳ ಅರ್ಥ ಕೇಳಿದಳು. ನಾನು ಹೆದ್ದಾರಿಗೆ ಹೋಗುವ ದಾರಿ ಬಿಟ್ಟು ಒಳರಸ್ತೆಯಲ್ಲೇ ನಿಧಾನವಾಗಿ ಬಂದೆ. ಕತೆ ಮುಗಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.